ಅಂಕಣದ ಹೊರಗೆ ಕುಳಿತ ಲೆಕ್ಕಿಗರು

ಈ ಪ್ರಕರಣದವರು ದಾವಣಗೆರೆಯವರು, ವಯಸ್ಸು 63. ದಲಾಲಿ ಮಂಡಿಯೊಂದರಲ್ಲಿ ಹತ್ತಿ, ಮೆಕ್ಕೆಜೋಳದ ಲೆಕ್ಕ ಬರೆಯುತ್ತಲೇ ತಲೆ ನರೆದು ನಿವೃತ್ತರಾದವರು. ಅವರ ಮತ್ತು ಅವರ ಪತ್ನಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಹೆಸರಿನ ಬದಲು ಲೆಕ್ಕಿಗರು ಎನ್ನುತ್ತೇನೆ.

ಅವರನ್ನು ಆಪ್ತಸಲಹೆಗೆಂದು ನನ್ನ ಬಳಿಗೆ ಕರೆತಂದವರು ಪತ್ನಿ. "ನಾಲ್ಕು ತಿಂಗಳಾಯಿತು, ಮನೆಯ ಗೇಟು ದಾಟಿಲ್ಲ. ಸಕ್ಕರೆ ಏರಿದೆ. ಏನು ಕೇಳಿದರೂ ಮೊಣಕಾಲು ನೋವು ಎನ್ನುತ್ತಾರೆ. ನೋವು ಮೊಣಕಾಲಿನಲ್ಲಿದ್ದರೆ ಮುಖ ಏಕೆ ಊದಿಕೊಳ್ಳಬೇಕು, ನೀವೇ ಹೇಳಿ" ಎಂದರು. ರೋಗನಿರ್ಣಯದ ಅರ್ಧ ಕೆಲಸವನ್ನು ಆ ತಾಯಿ ಮುಗಿಸಿಕೊಂಡೇ ಬಂದಿದ್ದರು.

ಬಡಾವಣೆಯಲ್ಲಿ ಒಂದು ಮನರಂಜನಾ ಕೇಂದ್ರವಿದೆ. ಒಂದು ಷಟಲ್ ಅಂಕಣ, ಕೇರಂ ಕೊಠಡಿ, ಐದಾರು ಯಂತ್ರಗಳ ಜಿಮ್, ಮಹಡಿಯ ಮೇಲೆ ಹೆಂಗಸರ ಯೋಗ. ನಿವೃತ್ತಿಯಾದ ಮರುವಾರವೇ ಲೆಕ್ಕಿಗರು ಬೆಳಗಿನ 6 ಗಂಟೆಯ ಡಬಲ್ಸ್ ಗುಂಪಿಗೆ ಸೇರಿದ್ದರು. ಯೌವನದಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿ ಪಳಗಿದ ಕೈ. ಹಳದಿ ಉಣ್ಣೆಯ ಚೆಂಡು, ಬಲೆಯ ಒಂದೊಂದು ಕಡೆಗೆ ಐದೈದು ಜನ. ಆ ಆಟ ಗೊತ್ತಿದ್ದವರಿಗೆ ಷಟಲ್ ಬೇಗ ಒಲಿಯುತ್ತದೆ. ಮೊದಲ ಮೂರು ವರ್ಷ ಅವರ ಮಾತಿನಲ್ಲೇ ಹೇಳುವುದಾದರೆ "ಮಂಡಿಗಿಂತ ಚೆನ್ನಾಗಿತ್ತು".

ಆಮೇಲೆ ಗುಂಪು ಸವೆಯಿತು. ಒಬ್ಬರು ಮಗನ ಮನೆಗೆಂದು ಬೆಂಗಳೂರಿಗೆ ಹೋದರು, ಒಬ್ಬರಿಗೆ ಹೃದಯಕ್ಕೆ ಸ್ಟೆಂಟ್ ಬಿತ್ತು. ಖಾಲಿಯಾದ ಜಾಗಕ್ಕೆ ಇಪ್ಪತ್ತೈದು, ಮೂವತ್ತರ ಹುಡುಗರು ಬಂದರು. ಅಂಕಣವನ್ನು ಮೊಬೈಲ್‌ನಲ್ಲಿ ಕಾಯ್ದಿರಿಸುವ ಪದ್ಧತಿ ಬಂತು. ಎಣಿಕೆಯೂ ಬದಲಾಯಿತು. ಹಿರಿಯರು 15 ಪಾಯಿಂಟಿನ ಹಳೆಯ ಲೆಕ್ಕದಲ್ಲಿ ಆಡುತ್ತಿದ್ದರು. ಅದರಲ್ಲಿ ಸರ್ವೀಸ್ ಮಾಡಿದ ಕಡೆಯವರಿಗೆ ಮಾತ್ರ ಅಂಕ. ಹುಡುಗರು ಬಲ್ಲದ್ದು 2006ರಿಂದ ಜಗತ್ತೆಲ್ಲ ಆಡುತ್ತಿರುವ 21ರ ಲೆಕ್ಕ, ಸರ್ವೀಸ್ ಯಾರದ್ದಾದರೂ ಪ್ರತಿ ರ‍್ಯಾಲಿಗೂ ಅಂಕ. ಹಳೆಯ ಲೆಕ್ಕದಲ್ಲಿ ತಮ್ಮ ಸರ್ವೀಸ್ ಇರುವಾಗ ಒಂದು ಹೊಡೆತ ತಪ್ಪಿದರೆ ಸರ್ವೀಸ್ ಹೋಗುತ್ತಿತ್ತು, ಅಷ್ಟೇ. ಹೊಸ ಲೆಕ್ಕದಲ್ಲಿ ಪ್ರತಿ ತಪ್ಪೂ ಎದುರಾಳಿಯ ಖಾತೆಗೆ ಜಮೆಯಾಗುತ್ತದೆ. ನಿಧಾನವಾಗುತ್ತಿರುವ ಕಾಲಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಒಂದು ದಿನ ಸೋಲುವ ಹಂತದಲ್ಲಿ ಜೊತೆಯ ಹುಡುಗ, "ಅಂಕಲ್, ನೀವು ಸ್ವಲ್ಪ ಕುಳಿತುಕೊಳ್ಳಿ" ಎಂದು ಇನ್ನೊಬ್ಬನನ್ನು ಕರೆದ. ಲೆಕ್ಕಿಗರು ಕುಳಿತರು. ಮರುದಿನದಿಂದ ಬೆಳಿಗ್ಗೆ ಹೋಗುವುದನ್ನು ಬಿಟ್ಟು, ಯಾರೂ ಇಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ ಜಿಮ್‌ಗೆ ಹೋಗತೊಡಗಿದರು. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಹುಡುಗರು ಎತ್ತಿದ ತೂಕ ನೋಡಿ ತಾವೂ ಅಷ್ಟೇ ಎತ್ತಲು ಹೋಗಿ ಭುಜ ಉಳುಕಿಸಿಕೊಂಡರು. ಅಲ್ಲಿಗೆ ಅದೂ ನಿಂತಿತು.

ಮೊದಲ ಭೇಟಿಯಲ್ಲಿ ಇದಿಷ್ಟೂ ಬಾಯಿಯಿಂದ ಬರಲಿಲ್ಲ. ಎರಡನೆಯ ಸಲ ಒಂದು ಪುಸ್ತಕ ತಂದರು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಖಾತೆ ಪುಸ್ತಕ, ಮಂಡಿಯಲ್ಲಿ ಬಳಸುತ್ತಿದ್ದಂಥದ್ದು. ಎಡಕ್ಕೆ ತಾರೀಖು, ನಡುವೆ ವಿವರ, ಬಲಕ್ಕೆ ಹೆಸರಿನ ಮೊದಲ ಅಕ್ಷರ. ಓದಲು ಕೊಟ್ಟರು. "ಪಟ್ಟಿಯಲ್ಲಿ ಹೆಸರು ಬಿಟ್ಟಿದ್ದಾರೆ." "ಕಾಕ್ ಡಬ್ಬಿಯ ದುಡ್ಡು ಕೇಳಿದರು, ಆಟಕ್ಕೆ ಕರೆಯಲಿಲ್ಲ." "ಆಟ ಮುಗಿಸಿ ಬೆಣ್ಣೆ ದೋಸೆಗೆ ಹೋದದ್ದು ಸಂಜೆ ಫೋಟೋ ನೋಡಿ ತಿಳಿಯಿತು." ಅಕ್ಷರ ಮುತ್ತು ಪೋಣಿಸಿದಂತಿತ್ತು, ಒಂದು ಕಾಟು ಹೊಡೆದದ್ದೂ ಇಲ್ಲ. ನಾಲ್ಕು ತಿಂಗಳ ಅವಮಾನವನ್ನು ದಿನವಹಿಯಂತೆ ಬರೆದಿಟ್ಟಿದ್ದರು.

ಬಹಳ ಜನ ಇಂಥ ಪುಸ್ತಕವನ್ನು ಮನಸ್ಸಿನಲ್ಲೇ ಬರೆಯುತ್ತಾರೆ. ಕಾಗದದ ಮೇಲಿದ್ದರೆ ನನ್ನ ಕೆಲಸ ಹಗುರ. "ಮಂಡಿಯಲ್ಲಿ ಯಾವ ರೈತನಿಂದಾದರೂ ಬಾಕಿ ಬರಬೇಕಿದ್ದರೆ, ಅವನಿಗೆ ಒಂದು ಚೀಟಿಯನ್ನೂ ಕಳುಹಿಸದೆ ಬಡ್ಡಿ ಹಾಕುತ್ತಾ ಹೋಗುತ್ತಿದ್ದಿರಾ?" ಎಂದು ಕೇಳಿದೆ. "ಹಾಗೆ ಮಾಡಿದರೆ ಸಾಹುಕಾರರು ನನ್ನನ್ನು ಮನೆಗೆ ಕಳುಹಿಸುತ್ತಿದ್ದರು" ಎಂದರು. "ಇದರಲ್ಲಿರುವ ಯಾರಿಗಾದರೂ ಚೀಟಿ ಹೋಗಿದೆಯೇ?" ಇಲ್ಲ ಎಂದು ತಲೆಯಾಡಿಸಿ, ಮೊದಲ ಬಾರಿಗೆ ನಕ್ಕರು.

ನಗು ಬಂತೆಂದು ಸಮಾಧಾನಪಟ್ಟುಕೊಳ್ಳುವ ಹಾಗಿರಲಿಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಮತ್ತು ಹಸಿವು ಕೆಡುವುದು, ತಾನು ಯಾರಿಗೂ ಬೇಡದವನು ಎಂಬ ಭಾವನೆ ಇಡೀ ದಿನ ಕಾಡುವುದು, ಇವೆಲ್ಲ ಖಿನ್ನತೆಯ ಲಕ್ಷಣಗಳು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಹೆದರಿಕೆ ನಮ್ಮ ಮನೆಗಳಲ್ಲಿದೆ, ಅದು ಸುಳ್ಳು. ಲೆಕ್ಕಿಗರಿಗೆ ಅಂಥ ಯೋಚನೆ ಇರಲಿಲ್ಲ. ನಿದ್ದೆ ಸರಿಯಾಗಿತ್ತು, ಸಂಜೆಯ ಮಂಡಕ್ಕಿ ಮೆಣಸಿನಕಾಯಿಯ ರುಚಿ ಕೆಟ್ಟಿರಲಿಲ್ಲ, ಮೊಮ್ಮಗಳು ಫೋನ್ ಮಾಡಿದರೆ ಮುಖ ಅರಳುತ್ತಿತ್ತು. ಆದ್ದರಿಂದ ಮನೋವೈದ್ಯರ ಬಳಿಗೆ ಕೂಡಲೇ ಕಳುಹಿಸಲಿಲ್ಲ. ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಮೊಬೈಲ್‌ನಲ್ಲೂ ಉಳಿಸಿಕೊಳ್ಳಲು ಹೇಳಿದೆ. ಉಚಿತ ಕರೆ, ಕನ್ನಡದಲ್ಲಿ ಮಾತನಾಡಬಹುದು. ಸಕ್ಕರೆ ಮತ್ತು ಮೊಣಕಾಲಿನ ಮಾತನ್ನು ವೈದ್ಯರ ಹತ್ತಿರವೇ ಮುಗಿಸಿಕೊಂಡು ಬರಬೇಕೆಂದೂ ಹೇಳಿದೆ.

ಪ್ರಕರಣದ ದಿಕ್ಕು ಬದಲಿಸಿದ್ದು ಪತ್ನಿಯ ಒಂದು ಮಾತು. ಅವರು ಅದೇ ಕೇಂದ್ರದ ಮಹಡಿಯ ಮೇಲೆ ಯೋಗಕ್ಕೆ ಹೋಗುತ್ತಾರೆ. "ನಾನು ಮೂರು ದಿನ ಹೋಗದಿದ್ದರೆ ಯಾರಾದರೊಬ್ಬರು ಮನೆಗೆ ಬಂದು ಬಾಗಿಲು ಬಡಿಯುತ್ತಾರೆ. ಇವರ ಗುಂಪಿನವರಿಗೆ ನಮ್ಮ ಮನೆ ಯಾವ ಕ್ರಾಸಿನಲ್ಲಿದೆ ಎಂಬುದೂ ಗೊತ್ತಿಲ್ಲ" ಎಂದರು. ಲೆಕ್ಕಿಗರು ಅದನ್ನು ಅಲ್ಲಗಳೆಯಲಿಲ್ಲ. ಐದು ವರ್ಷ ಒಟ್ಟಿಗೆ ಆಡಿದವರಲ್ಲಿ ಯಾರ ಮಕ್ಕಳು ಏನು ಮಾಡುತ್ತಾರೆ ಎಂದು ಕೇಳಿದೆ. ಯಾರ ಬ್ಯಾಕ್‌ಹ್ಯಾಂಡ್ ದುರ್ಬಲ ಎಂದು ಹೇಳಬಲ್ಲರು, ಮಕ್ಕಳ ವಿಷಯ ತಿಳಿಯದು.

ನಾನು ಕಂಡ ಬಹಳಷ್ಟು ಗಂಡಸರ ಸ್ನೇಹ ಹೀಗೆಯೇ. ಎದುರುಬದುರು ಕುಳಿತು ಮಾತನಾಡಿ ಬೆಳೆದದ್ದಲ್ಲ, ಪಕ್ಕಪಕ್ಕ ನಿಂತು ಏನೋ ಮಾಡುತ್ತಾ ಬೆಳೆದದ್ದು. ಅದರಲ್ಲಿ ತಪ್ಪೇನೂ ಇಲ್ಲ, ಆ ಕೆಲಸ ಇರುವವರೆಗೆ. ಕಚೇರಿಯಿಂದ ನಿವೃತ್ತರಾದಾಗ ಒಮ್ಮೆ, ಮೊಣಕಾಲು ನಿವೃತ್ತವಾದಾಗ ಇನ್ನೊಮ್ಮೆ ಇಡೀ ಬಳಗ ಕೈತಪ್ಪುತ್ತದೆ. ಲೆಕ್ಕಿಗರು ತಮ್ಮನ್ನು ಹೊರಹಾಕಿದರು ಎಂದು ಬರೆದುಕೊಂಡಿದ್ದರು. ನನಗೆ ಕಂಡದ್ದು ಬೇರೆ: ಅವರೊಳಗಿನ ಆಟಗಾರ ಮಾತ್ರ ಆ ಗುಂಪಿನಲ್ಲಿದ್ದ, ಲೆಕ್ಕಿಗರು ಅಲ್ಲಿಗೆ ಪೂರ್ತಿಯಾಗಿ ಹೋಗಿಯೇ ಇರಲಿಲ್ಲ.

ಇದನ್ನು ಅವರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದಾಗ ಅವರೇ ಗರಡಿಯ ಮಾತೆತ್ತಿದರು. ಅವರ ಚಿಕ್ಕಪ್ಪ ಹಳೇ ದಾವಣಗೆರೆಯ ಗರಡಿಯೊಂದರಲ್ಲಿ ಸಾಮು ಮಾಡಿದವರು, ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಯಲ್ಲಿ ಸೆಣಸಿದವರು. ಎಪ್ಪತ್ತು ದಾಟಿದ ಮೇಲೂ ದಿನಾ ಗರಡಿಗೆ ಹೋಗುತ್ತಿದ್ದರಂತೆ. "ಏನು ಮಾಡುತ್ತಿದ್ದರು?" ಎಂದೆ. "ಕೆಮ್ಮಣ್ಣು ಹದ ಮಾಡಿಸುತ್ತಿದ್ದರು, ಹುಡುಗರು ದಂಡೆ, ಬಸ್ಕಿ ಹೊಡೆಯುವಾಗ ಎಣಿಸುತ್ತಿದ್ದರು, ಪಟ್ಟು ತಪ್ಪಿದರೆ ಬೈಯುತ್ತಿದ್ದರು." ಕುಸ್ತಿ ಬಿಟ್ಟು ಎಷ್ಟು ವರ್ಷವಾಗಿತ್ತು ಎಂದು ಕೇಳಿದೆ. ಇಪ್ಪತ್ತಕ್ಕೂ ಹೆಚ್ಚು. ಯಾರಾದರೂ ಅವರಿಗೆ ಪಕ್ಕಕ್ಕೆ ಕುಳಿತುಕೊಳ್ಳಿ ಎಂದಿದ್ದರೇ? ಲೆಕ್ಕಿಗರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಕುಳಿತೇ ಇರುತ್ತಿದ್ದರಲ್ಲ" ಎಂದರು.

ಗರಡಿಯಲ್ಲಿ ವಯಸ್ಸಾದವನಿಗೊಂದು ಕೆಲಸವಿತ್ತು, ಕೆಲಸಕ್ಕೆ ತಕ್ಕ ಗೌರವವಿತ್ತು. ನಮ್ಮ ಹೊಸ ಮನರಂಜನಾ ಕೇಂದ್ರಗಳಲ್ಲಿ ಯಂತ್ರಗಳಿವೆ, ಕನ್ನಡಿಗಳಿವೆ, ಮಾಸಿಕ ಶುಲ್ಕವಿದೆ; ಆಡಲಾಗದವನು ಅಲ್ಲಿ ಏನಾಗಿ ಇರಬೇಕು ಎಂಬುದನ್ನು ಮಾತ್ರ ಯಾರೂ ಯೋಚಿಸಿಲ್ಲ. ಸಮಿತಿಗಳಲ್ಲಿರುವವರು ಇದನ್ನು ಓದಿದರೆ ಒಳ್ಳೆಯದು.

ಸಲಹೆಗೆ ಬರುತ್ತೇನೆ. ಮೈಗೆ ಬೇಕಾದ ವ್ಯಾಯಾಮ ಮತ್ತು ಮನಸ್ಸಿಗೆ ಬೇಕಾದ ಜನ, ಇವೆರಡನ್ನೂ ಒಂದೇ ಅಂಕಣಕ್ಕೆ ಕಟ್ಟಿಹಾಕಬೇಡಿ ಎಂದು ಮೊದಲು ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಹೇಳುತ್ತದೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. 65 ದಾಟಿದವರು ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಸೇರಿಸಿಕೊಳ್ಳಬೇಕು. ಬಿದ್ದು ಸೊಂಟ ಮುರಿದುಕೊಳ್ಳುವುದನ್ನು ತಪ್ಪಿಸುವುದು ಅದರ ಉದ್ದೇಶ. ಇದರಲ್ಲಿ ಎಲ್ಲೂ ಷಟಲ್ ಗೆಲ್ಲಬೇಕೆಂದಿಲ್ಲ. ಕುಂದುವಾಡ ಕೆರೆಯ ದಾರಿಯಲ್ಲಿ ಬಿರುಸಾಗಿ ನಡೆದರೂ ಲೆಕ್ಕಕ್ಕೆ ಬರುತ್ತದೆ. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಆ ವೇಗ ಸಾಕು. ಏಪ್ರಿಲ್, ಮೇ ತಿಂಗಳ ದಾವಣಗೆರೆಯ ಬಿಸಿಲು ಗೊತ್ತೇ ಇದೆ, ಎಂಟರೊಳಗೆ ಮನೆ ಸೇರಿರಬೇಕು.

ಜಿಮ್‌ಗೆ ಮರಳಬಹುದು, ಆದರೆ ಗೋಡೆಯ ಪಟ್ಟಿಗೆ ಬೆನ್ನು ಹಾಕಿ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದು ಎರಡೇ ಕಸರತ್ತು: ಕುರ್ಚಿಯಿಂದ ಕೈ ಊರದೆ ಏಳುವುದು ಕೂರುವುದು, ಮಲಗಿ ಕಾಲನ್ನು ನೇರವಾಗಿ ಎತ್ತಿ ಹಿಡಿಯುವುದು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮೊಣಕಾಲಿನ ಮೇಲಿನ ಭಾರ ಕಡಿಮೆ. ತೂಕ ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ, ಎತ್ತುವಾಗ ಉಸಿರು ಬಿಡಬೇಕು. ಸಕ್ಕರೆಯ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಸಕ್ಕರೆ ಕುಸಿಯುವುದುಂಟು, ಜೇಬಿನಲ್ಲಿ ಬೆಲ್ಲದ ಚೂರಿರಲಿ. ಎದೆ ಬಿಗಿದರೆ, ಎಡಗೈ ಅಥವಾ ದವಡೆ ಸೆಳೆದರೆ, ಕಾರಣವಿಲ್ಲದೆ ಬೆವರಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ. ಗ್ಯಾಸ್ ಇರಬಹುದು ಎಂದು ಸೋಡಾ ಕುಡಿದು ಕಾಯುವುದು ಬೇಡ.

ಜನರ ವಿಷಯ ಇದಕ್ಕಿಂತ ಕಷ್ಟದ್ದು. ಆ ಹುಡುಗನಿಗೆ ಚೀಟಿ ಕಳುಹಿಸಬೇಕು ಎಂದೆ, ಅಂದರೆ ಮಾತನಾಡಬೇಕು. ಆರೋಪವಿಲ್ಲದ ಒಂದು ವಾಕ್ಯವನ್ನು ಇಬ್ಬರೂ ಸೇರಿ ಕಟ್ಟಿದೆವು: "ಅವತ್ತು ಆಟದ ಮಧ್ಯೆ ಕೂರಲು ಹೇಳಿದ್ದು ನನಗೆ ನೋವಾಯಿತು, ಅದಕ್ಕೇ ಬರುವುದನ್ನು ಬಿಟ್ಟೆ." ನನ್ನ ಕೊಠಡಿಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಂಡರು. ಮೊದಲೆರಡು ಸಲ ವಾಕ್ಯದ ಕೊನೆಗೆ ಹುಡುಗನ ತಂದೆ ತಾಯಿಯರೂ ಸೇರಿಕೊಂಡರು, ತೆಗೆಸಿದೆ.

ಹೋಗಿ ಹೇಳಿದರು. ಆ ಹುಡುಗನಿಗೆ ಅಂಥದ್ದೊಂದು ದಿನ ನಡೆದದ್ದೇ ನೆನಪಿರಲಿಲ್ಲ. "ನಾನು ಹಾಗಂದೆನೇ? ನಿಮ್ಮ ಕಾಲು ನೋವು ಹೆಚ್ಚಾಗಿ ನಿಲ್ಲಿಸಿದಿರಿ ಎಂದುಕೊಂಡಿದ್ದೆವು" ಎಂದನಂತೆ. ಲೆಕ್ಕಿಗರು ನನ್ನೆದುರು ಕುಳಿತು ಬಹಳ ಹೊತ್ತು ಈ ಮರೆವಿನ ಬಗ್ಗೆಯೇ ಮಾತನಾಡಿದರು. ಕ್ಷಮೆ ಕೇಳಿದ್ದರೆ ಸುಲಭವಾಗಿತ್ತು. ತಾವು ನಾಲ್ಕು ತಿಂಗಳು ಹೊತ್ತದ್ದು ಅವನ ಪುಸ್ತಕದಲ್ಲಿ ಇಲ್ಲವೇ ಇಲ್ಲ ಎಂಬುದು ಹೊಸ ನೋವು. ಅದನ್ನು ನಾನು ತೇಲಿಸಿಬಿಡಲಿಲ್ಲ. ಮರೆತದ್ದು ಅವನ ಹುಡುಗಾಟ, ಒಮ್ಮೆಯೂ ಫೋನ್ ಮಾಡದಿದ್ದದ್ದು ಅವನ ಕೊರತೆಯೇ ಎಂದೆ. ನೀವೂ ಮಾಡಲಿಲ್ಲ ಎಂಬುದನ್ನು ಮುಂದಿನ ಭೇಟಿಗೆ ಉಳಿಸಿಕೊಂಡೆ.

ಕೇಂದ್ರದಲ್ಲಿ ಏನಾದರೂ ಹೊಣೆ ಹೊರಬೇಕು ಎಂಬುದನ್ನು ಅವರು ಬೇಗ ಒಪ್ಪಿದರು. ಕಾಕ್ ಖರ್ಚಿನ ಲೆಕ್ಕ ತಾನೇ ನೋಡಿಕೊಳ್ಳುವುದಾಗಿ ಉತ್ಸಾಹ ತೋರಿದರು. ನಾನು ಬೇಡವೆಂದೆ. ನೊಂದ ಮನುಷ್ಯನ ಕೈಗೆ ಇತರರ ಬಾಕಿ ಪಟ್ಟಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಆ ಕೆಂಪು ಪುಸ್ತಕವೇ ಸಾಕ್ಷಿಯಿತ್ತು. ಜನರನ್ನು ತಪಾಸಣೆ ಮಾಡುವ ಕೆಲಸವಲ್ಲ, ಬರಮಾಡಿಕೊಳ್ಳುವ ಕೆಲಸ ಹುಡುಕಿ ಎಂದೆ. ದಾರಿ ತೋರಿಸಿದ್ದು ಮತ್ತೆ ಪತ್ನಿಯೇ: ಯೋಗ ಮುಗಿಸಿ ಇಳಿಯುವ ಕೆಲವು ಹೆಂಗಸರಿಗೆ ಷಟಲ್ ಕಲಿಯುವ ಆಸೆ, ಹುಡುಗರ ಮುಂದೆ ಸಂಕೋಚ. ಹತ್ತು ಗಂಟೆಯ ಮೇಲೆ ಅಂಕಣ ಖಾಲಿ ಇರುತ್ತದೆ. ಈಗ ವಾರಕ್ಕೆ ಎರಡು ದಿನ ಲೆಕ್ಕಿಗರು ಬಲೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸರ್ವೀಸ್ ಹೇಳಿಕೊಡುತ್ತಾರೆ. ಬೈಯುವುದು ಸ್ವಲ್ಪ ಹೆಚ್ಚಾಯಿತೆಂದು ಒಬ್ಬರು ಬಿಟ್ಟರಂತೆ. ಚಿಕ್ಕಪ್ಪನ ಪಾಠದಲ್ಲಿ ಯಾವುದನ್ನು ಬಿಡಬೇಕು ಎಂದು ಮಾತನಾಡಿದ್ದೇವೆ.

ಪತ್ನಿಗೆ ಒಂದೇ ಮಾತು ಹೇಳಿದೆ: ಬೆಳಿಗ್ಗೆ ಎಬ್ಬಿಸಿ ಕಳುಹಿಸಬೇಡಿ, ಹೋಗದ ದಿನ ಕೇಳಬೇಡಿ. ಮನೆಗೆ ಯಾರನ್ನಾದರೂ ಕರೆತಂದರೆ ಮಾತ್ರ ಕಾಫಿ ತಡಮಾಡಬೇಡಿ. ಹಳೆಯ ಗುಂಪಿನ ಒಬ್ಬರು, ಸ್ಟೆಂಟ್ ಹಾಕಿಸಿಕೊಂಡವರು, ಈಗ ಎರಡು ಸಲ ಬಂದು ಹೋಗಿದ್ದಾರೆ. ಅವರ ಮಗಳಿಗೆ ಗಂಡು ನೋಡುತ್ತಿದ್ದಾರೆ ಎಂಬುದು ಲೆಕ್ಕಿಗರಿಗೆ ಗೊತ್ತಾಗಿದೆ.

ಸಕ್ಕರೆಯ ಮುಂದಿನ ಪರೀಕ್ಷೆ ಬಾಕಿ ಇದೆ. ಬೆಳಗಿನ ಡಬಲ್ಸ್‌ಗೆ ಅವರು ಮರಳಿಲ್ಲ. ಹುಡುಗರು ಕರೆದರೆ 15ರ ಲೆಕ್ಕದಲ್ಲಿ ಆಡುವುದಾದರೆ ಬರುತ್ತೇನೆ ಎಂದಿದ್ದಾರೆ. ಹುಡುಗರು ಇನ್ನೂ ಒಪ್ಪಿಲ್ಲ.