ಗುಂಡಿಬಲೆಗಳನ್ನು ಕಿತ್ತುಹಾಕುವ ಪ್ರಾಣಿಗಳ ವಿಚಾರ

ಪ್ರಶ್ನೆ ಕೇಳಿರುವ ಸ್ನೇಹಿತರೇ, ನೆಲದ ಕೀಟಗಳು ಬೀಳಲೆಂದು ಬೆಂಗಳೂರಿನ ತುರಹಳ್ಳಿ ಕಾಡಿನಂಚಿನಲ್ಲಿ ಬಾಯಿ ನೆಲಮಟ್ಟಕ್ಕಿರುವಂತೆ ಹೂತಿಟ್ಟ ನಿಮ್ಮ ಪಿಟ್‌ಫಾಲ್ (ಗುಂಡಿಬಲೆ) ಲೋಟಗಳನ್ನು ನಾಯಿ, ಮುಂಗುಸಿಗಳು ಕಿತ್ತುಹಾಕುತ್ತಿವೆಯೆಂದೂ, ಅದಕ್ಕಾಗಿ ಮುಚ್ಚಳದ ಮೇಲೆ ಕಲ್ಲು ಹೇರಿ, ಸುತ್ತಲೂ ಖಾರದಪುಡಿ ಎರಚಿ, ಬಿದ್ದ ಕೀಟ ಕೊಳೆಯದಿರಲೆಂದು ಲೋಟಕ್ಕೆ ಹಾಕಿ ಚೆಲ್ಲಿಹೋದ ಕೂಲಂಟನ್ನು ಮತ್ತೆ ತುಂಬುತ್ತಿದ್ದೀರೆಂದೂ ಬರೆದಿದ್ದೀರಿ. ಉಳಿದದ್ದು ಆಮೇಲಾಗಲಿ, ಮೊದಲು ಆ ಕೂಲಂಟನ್ನು ತೆಗೆಯಿರಿ. ರೇಡಿಯೇಟರಿಗೆ ಹಾಕುವ ಬಹುಪಾಲು ಕೂಲಂಟುಗಳಲ್ಲಿರುವುದು ಎಥಿಲೀನ್ ಗ್ಲೈಕಾಲ್. ಅದು ಸಿಹಿಯಾಗಿರುವುದರಿಂದ ನಾಯಿ ಇಷ್ಟಪಟ್ಟು ನೆಕ್ಕುತ್ತದೆ, ಆಮೇಲೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಇದು ಗೊತ್ತಿದ್ದೂ ಅಗ್ಗವೆಂದು ಅದನ್ನೇ ಬಳಸುವವರು ಈ ಗುಂಪಿನಲ್ಲೂ ಇದ್ದಾರೆ. ಅವರಿಗೂ ಈ ಮಾತು ಸಲ್ಲುತ್ತದೆ. ಅದರ ಬದಲಿಗೆ ಹಾಕಬಹುದಾದ ಪ್ರೊಪಿಲೀನ್ ಗ್ಲೈಕಾಲಿಗೆ ಬೆಲೆ ಹೆಚ್ಚು, ಆದರೆ ವಿಷದ ಅಪಾಯ ಬಹಳ ಕಡಿಮೆ. ಉಪ್ಪುನೀರು ಸಾಕೆಂದು ಮತ್ತೊಬ್ಬರು ಹೇಳಿದ್ದಾರೆ. ದನ ಮೇಯುವ ಕಡೆಯಲ್ಲೂ ಬನ್ನೇರುಘಟ್ಟದಂತೆ ಜಿಂಕೆಗಳಿರುವ ಕಡೆಯಲ್ಲೂ ಅದನ್ನಿಟ್ಟರೆ ಉಪ್ಪಿನಾಸೆಗೆ ಅವೇ ಹುಡುಕಿಕೊಂಡು ಬರುತ್ತವೆ.

ಖಾರದಪುಡಿ ಒಂದು ರಾತ್ರಿಯ ಇಬ್ಬನಿಗೆ ಮುದ್ದೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನೆಲದ ಮೇಲೆ ಹರಿದಾಡುವ ಕೀಟಗಳನ್ನು ಎಣಿಸಲು ಹೊರಟವರು ಆ ನೆಲಕ್ಕೇ ಖಾರ ಹಾಕಿದರೆ ಬಂದ ಲೆಕ್ಕವನ್ನು ನಂಬುವುದು ಹೇಗೆ?

ನಮ್ಮ ಕೈಹಿಡಿದದ್ದು ಜಾಲರಿ. ಎಸ್.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ, ಒಂದು ಇಂಚು ಕಣ್ಣಿನ ವೆಲ್ಡೆಡ್ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿಯನ್ನು ಒಂದಡಿ ಚೌಕಕ್ಕೆ ಕತ್ತರಿಸಿ, ಲೋಟದ ಬಾಯಿಗೆ ಮಟ್ಟವಾಗಿ ಹಾಸಿ, ಅಂಚುಗಳನ್ನು ಎರಡು ಬೆರಳಿನಷ್ಟು ಆಳಕ್ಕೆ ಮಣ್ಣಿನಲ್ಲಿ ಹೂಳಬೇಕು. ಅಂಚು ಮೇಲೆ ಉಳಿದರೆ ಕೋತಿ ಅದರಡಿ ಬೆರಳು ತೂರಿಸಿ, ಹಪ್ಪಳ ಎತ್ತಿದಷ್ಟು ಸಲೀಸಾಗಿ ಎತ್ತಿಬಿಡುತ್ತದೆ. ನಾಲ್ಕು ಮೂಲೆಗೂ ಕಬ್ಬಿಣದ ಸರಳನ್ನು ಕೊಕ್ಕೆಯಂತೆ ಬಗ್ಗಿಸಿ ಹೊಡೆಯಿರಿ, ಆದರೆ ನೇರವಾಗಿ ಬೇಡ, ಒಂದಕ್ಕೊಂದು ಎದುರುಬದುರಾಗಿ ಓರೆಯಾಗಿ ಹೊಡೆಯಿರಿ. ನೇರ ಸರಳು ಎಳೆದರೆ ಬರುತ್ತದೆ, ಓರೆ ಸರಳು ಬರುವುದಿಲ್ಲ. ಬೇಸಿಗೆಯಲ್ಲಿ ನೆಲ ಗಟ್ಟಿಯಾಗಿದ್ದರೆ ಹಿಂದಿನ ಸಂಜೆಯೇ ನೀರು ಹಾಕಿಡಿ. ಮಳೆಗೆ ಸೂರಾಗಿ ಬಿಳಿ ಪ್ಲಾಸ್ಟಿಕ್ ತಟ್ಟೆ ನಿಲ್ಲಿಸುವ ಕೆಲಸವನ್ನು ಮಾತ್ರ ಮಾಡಬೇಡಿ. ನಾವು ಅದನ್ನು ಮಾಡಿ, ಜಾಲರಿ ಗಟ್ಟಿಯಾಗಿದ್ದರೂ ಇಡೀ ಸಾಲನ್ನು ಕಳೆದುಕೊಂಡಿದ್ದೆವು, ಏಕೆಂದರೆ ಪ್ರವಾಸಿಗರ ಕೈತುತ್ತು ತಿಂದು ಬೆಳೆದ ಕೋತಿಗೆ ಬಿಳಿ ತಟ್ಟೆಯೆಂದರೆ ಚಿತ್ರಾನ್ನವೇ. ತಟ್ಟೆಗೆ ಕೆಮ್ಮಣ್ಣು ಬಳಿದ ಮೇಲೆ ಅವು ಅತ್ತ ತಿರುಗಿಯೂ ನೋಡಲಿಲ್ಲ.

ಒಂದು ಇಂಚಿನ ಕಣ್ಣು ನಾಯಿ, ಮುಂಗುಸಿಗಳನ್ನು ತಡೆಯುತ್ತದೆಯೇ ಹೊರತು ಸಣ್ಣ ಕಪ್ಪೆ, ಸುಂಡಿಲಿಗಳನ್ನಲ್ಲ. ಅರ್ಧ ಇಂಚಿಗೆ ಇಳಿದರೆ ಅವು ಬಹುಮಟ್ಟಿಗೆ ಉಳಿಯುತ್ತವೆ, ಆದರೆ ದೊಡ್ಡ ಸಗಣಿದುಂಬಿಗಳು ಒಳಗೆ ಬೀಳುವುದಿಲ್ಲ. ಯಾವುದನ್ನು ಆರಿಸಿದರೂ ಎಲ್ಲ ಬಲೆಗಳಿಗೂ ಒಂದೇ ಕಣ್ಣಿನ ಜಾಲರಿ ಇರಲಿ. ನಾಯಿ ಬಂದ ಕಡೆ ಮಾತ್ರ ಹಾಕಿದರೆ ಹೋಲಿಕೆಯೇ ಕೆಡುತ್ತದೆ. ಉರುಳಿಬಿದ್ದ ಲೋಟಕ್ಕೆ ಸೊನ್ನೆ ಬರೆಯುವ ಅಭ್ಯಾಸವನ್ನೂ ದಯವಿಟ್ಟು ಬಿಡಿ. ಅದು ಸೊನ್ನೆಯಲ್ಲ, ಹಾಳಾದ ಬಲೆ. ಆ ರಾತ್ರಿಯನ್ನು ಒಟ್ಟು ಬಲೆ-ರಾತ್ರಿಗಳಿಂದ (ಬಲೆಗಳ ಸಂಖ್ಯೆಯನ್ನು ಇಟ್ಟ ರಾತ್ರಿಗಳಿಂದ ಗುಣಿಸಿದ ಲೆಕ್ಕದಿಂದ) ಕಳೆಯಬೇಕು.

ರಾತ್ರಿ ಪತಂಗಗಳನ್ನು ಸೆಳೆಯಲು ದೀಪ ಹಚ್ಚಿ ಬೆಳಕಿನ ಪರದೆ ಕಟ್ಟುವವರಿಗೆ ತೊಂದರೆ ಬೇರೆ. ಕಾಜಾಣ, ಪಿಕಳಾರ, ಮಡಿವಾಳ ಹಕ್ಕಿಗಳು ಪರದೆಯ ಜಾಗವನ್ನು ಬೇಗ ಕಲಿತು ನಸುಕಿಗೇ ಹಾಜರಾಗುತ್ತವೆ. ಬೆಳಕು ಹರಿಯುವ ಮೊದಲೇ ದೀಪ ಆರಿಸಿ, ಪತಂಗಗಳನ್ನು ದಿನಕ್ಕೊಂದು ಪೊದೆಯೊಳಗೆ ಕೊಡವಿ. ಪರದೆ ಕಟ್ಟಿದ ಹಗ್ಗದ ಮೇಲೆ ಬರುವ ಇರುವೆಯನ್ನು ತಡೆಯಲು ವ್ಯಾಸಲೀನ್‌ಗಿಂತ ಬೇರಿಂಗ್ ಗ್ರೀಸ್ ಮೇಲು, ಬಿಸಿಲಿಗೆ ಅಷ್ಟು ಬೇಗ ಕರಗಿ ಇಳಿಯುವುದಿಲ್ಲ.

ಕೀಟ ಹಿಡಿಯುವ ಹಳದಿ ಅಂಟುಹಾಳೆಯನ್ನಂತೂ ಜಾಲರಿಯ ಗೂಡಿಲ್ಲದೆ ತೋಟದಲ್ಲೂ ತೂಗುಹಾಕಬೇಡಿ, ಏಕೆಂದರೆ ಸಣ್ಣ ಹಕ್ಕಿ, ಹಲ್ಲಿಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಅಂಟಿದ ಹಕ್ಕಿಯನ್ನು ಎಳೆದು ಬಿಡಿಸಿದರೆ ಗರಿಗಳು ಕಿತ್ತುಬರುತ್ತವೆ. ಹಾಳೆಯ ಉಳಿದ ಅಂಟಿಗೆ ಟಿಶ್ಯೂ ಕಾಗದ ಮುಚ್ಚಿ, ಹಾಳೆಯ ಸಮೇತ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆಗೆ ತಲುಪಿಸಿ.