ಹೈಬ್ರಿಡ್ ಸೋರೆಯ ಬೀಜ ಮತ್ತೆ ಬಿತ್ತಿದರೆ

ಹೋದ ಸಲದ ಹೈಬ್ರಿಡ್ ಸೋರೆಕಾಯಿಯ ಬೀಜ ಎತ್ತಿಟ್ಟು ಟೆರೇಸ್‌ನಲ್ಲಿ ಹಾಕಿದೆ, ಈಗ ಒಂದು ಬಳ್ಳಿಯಲ್ಲಿ ದುಂಡು ಕಾಯಿ, ಇನ್ನೊಂದರಲ್ಲಿ ಉದ್ದ, ಫಸಲೂ ಕಡಿಮೆ, ಯಾಕೆ ಅಂತ ಕೇಳಿದ್ದೀರಿ. ತಪ್ಪು ಗೊಬ್ಬರದ್ದಲ್ಲ. ಹೈಬ್ರಿಡ್ ಅಂದರೆ ಬೇರೆ ಬೇರೆ ಎರಡು ತಳಿಗಳ ಮಗು. ಹುರುಪು ಜಾಸ್ತಿ ಇರುವುದು ಆ ಮೊದಲ ತಲೆಮಾರಿನಲ್ಲೇ. ಅದರ ಬೀಜ ಬಿತ್ತಿದರೆ ಅಜ್ಜ ಅಜ್ಜಿಯ ಗುಣಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಹೊರಬರುತ್ತವೆ.

ಸೋರೆಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಅಲ್ವಾ? ಸಂಜೆ ಅರಳುತ್ತವೆ, ಪತಂಗಗಳು ಬರುತ್ತವೆ. ಪಕ್ಕದ ಮನೆಯ ಬಳ್ಳಿಯ ಪರಾಗವೂ ಸೇರಿರಬಹುದು.

ಬೀಜ ಉಳಿಸುವ ಆಸೆ ಇದ್ದರೆ ಅರ್ಕಾ ಬಹಾರ್ ಹಾಕಿ. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ, ಹೈಬ್ರಿಡ್ ಅಲ್ಲ. ಕತ್ತು ಡೊಂಕಿಲ್ಲದ ಕಾಯಿ, ಸುಮಾರು 1 ಕಿಲೋ ತೂಗುತ್ತದೆ. ಅವತ್ತು ಅರಳಲಿರುವ ಗಂಡು, ಹೆಣ್ಣು ಮೊಗ್ಗುಗಳ ತುದಿಗೆ ಮಧ್ಯಾಹ್ನವೇ ದಾರ ಕಟ್ಟಿ. ಸಂಜೆ ಬಿಚ್ಚಿ, ಗಂಡು ಹೂವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಉಜ್ಜಿ, ಮತ್ತೆ ಕಟ್ಟಿಬಿಡಿ. ಆ ಕಾಯಿ ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನುವವರೆಗೆ ಕೀಳಬೇಡಿ. ಮನೆಯವರು ಸಾಂಬಾರಿಗೆ ಕೇಳುತ್ತಾರೆ, ಕೊಡಬೇಡಿ!

ಇನ್ನೊಂದು ಮಾತು. ಈಗ ಬಿಟ್ಟಿರುವ ಕಾಯಿಗಳನ್ನು ಅಡುಗೆಗೆ ಮುಂಚೆ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿ ಬಿಸಾಕಿ. ಅದು ವಿಷ, ಬೇಯಿಸಿದರೂ ಹೋಗುವುದಿಲ್ಲ. ಆ ಬಳ್ಳಿಯ ಬೀಜವನ್ನಂತೂ ಇಡಲೇಬೇಡಿ.