ವಾಹನ ಪ್ರಶ್ನೋತ್ತರ: ಕರಾವಳಿಯ ಕಾರು, ಕೈಬಿಡದ ಹೆಸರು

ಪ್ರಶ್ನೆ: ನಾನು ತೀರ್ಥಹಳ್ಳಿಯಲ್ಲಿ ಶಿಕ್ಷಕಿ. ಮಂಗಳೂರಿನಲ್ಲಿ 2016ರ ಪೆಟ್ರೋಲ್ ಕಾರೊಂದು ಮಾರಾಟಕ್ಕಿದೆ. ಮೀಟರಿನಲ್ಲಿ 62,000 ಕಿ.ಮೀ. ಇದೆ, ಬಣ್ಣ ಹೊಸದರಂತೆ ಹೊಳೆಯುತ್ತಿದೆ. ಕೊಳ್ಳುವ ಮೊದಲು ಏನೇನು ನೋಡಬೇಕು?

ಉತ್ತರ: ಬಣ್ಣದ ಹೊಳಪನ್ನು ಲೆಕ್ಕಕ್ಕೆ ಹಿಡಿಯಬೇಡಿ, ಒಂದು ದಿನದ ಪಾಲಿಶ್‌ಗೆ ಅದು ಬಂದುಬಿಡುತ್ತದೆ. ಕಡಲ ಗಾಳಿಯ ಉಪ್ಪು ಮತ್ತು ಮಳೆಗಾಲದುದ್ದಕ್ಕೂ ಆರದ ತೇವ ಸೇರಿ ಕರಾವಳಿಯ ಕಾರುಗಳನ್ನು ಕೆಳಗಿನಿಂದ ತಿನ್ನುತ್ತಾ ಬರುವುದರಿಂದ, ನೀವು ಮೊದಲು ನೋಡಬೇಕಾದದ್ದು ಅಡಿಭಾಗವನ್ನು. ಮಾರುವವರ ಒಪ್ಪಿಗೆ ಪಡೆದು, ನಿಮಗೆ ನಂಬಿಕೆಯಿರುವ ಮೆಕ್ಯಾನಿಕ್ ಜೊತೆಗೆ ಕಾರನ್ನು ಯಾವುದಾದರೂ ಗ್ಯಾರೇಜಿಗೆ ಒಯ್ದು ಲಿಫ್ಟ್ ಮೇಲೆ ಏರಿಸಿ ನೋಡಿ. ಸೈಲೆನ್ಸರ್ ಕೊಳವೆಯ ಮೇಲಿನ ತೆಳುವಾದ ಕಂದು ತುಕ್ಕಿಗೆ ಹೆದರಬೇಕಾಗಿಲ್ಲ. ಬಾಗಿಲುಗಳ ಕೆಳ ಅಂಚು, ಚಕ್ರದ ಒಳಗೂಡು, ಡಿಕ್ಕಿಯ ಕಾರ್ಪೆಟ್ ಎತ್ತಿದಾಗ ಕಾಣುವ ಸ್ಟೆಪ್ನಿಯ ತಳ, ಸಸ್ಪೆನ್ಷನ್ ಕೂರುವ ಜಾಗಗಳು, ಇವು ಮುಖ್ಯ. ಅಡಿಭಾಗಕ್ಕೆ ಇತ್ತೀಚೆಗೆ ದಪ್ಪನೆಯ ಕಪ್ಪು ಲೇಪನ ಬಳಿದಂತೆ ಕಂಡರೆ ಸ್ಕ್ರೂಡ್ರೈವರ್‌ನ ಹಿಡಿಯಿಂದ ಮೆಲ್ಲಗೆ ತಟ್ಟಿಸಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ಒಳಗೆ ತುಕ್ಕು ತಿಂದ ತಗಡಿನ ಸದ್ದು ಮಂಕಾಗಿರುತ್ತದೆ, ಕೆಲವೊಮ್ಮೆ ಪುಡಿಯೂ ಉದುರುತ್ತದೆ. ಹಾಗೇನಾದರೂ ಆದರೆ ಎಷ್ಟೇ ಕಡಿಮೆ ಬೆಲೆಗೆ ಸಿಕ್ಕಿದರೂ ಆ ಕಾರು ಬೇಡ.

ನಂತರ ನಾಲ್ಕೂ ಸೀಟ್ ಬೆಲ್ಟ್‌ಗಳನ್ನು ಒಂದೊಂದಾಗಿ ಪೂರ್ತಿ ಹೊರಗೆಳೆಯಿರಿ. ಒಳಗಿನ ಭಾಗ ಹೊರಗಿನಷ್ಟೇ ಒಣಗಿ ಶುಚಿಯಾಗಿದ್ದರೆ ಸರಿ. ಅಡ್ಡಲಾಗಿ ಮಣ್ಣಿನ ಗೆರೆಯೊಂದು ಕಂಡರೆ ಆ ಕಾರು ಅಷ್ಟೆತ್ತರದ ನೀರಿನಲ್ಲಿ ನಿಂತಿತ್ತೆಂದೇ ಅರ್ಥ. ಸೀಟು, ಕಾರ್ಪೆಟ್‌ಗಳನ್ನು ತೊಳೆಸುವವರೂ ಬೆಲ್ಟ್‌ನ ಸುರುಳಿಯನ್ನು ಮರೆಯುತ್ತಾರೆ.

ಮೀಟರಿನ ಅಂಕಿಯನ್ನು ಬದಲಿಸುವುದು ಕಷ್ಟವಲ್ಲವಾದ್ದರಿಂದ ಬೇರೆ ಸಾಕ್ಷಿ ಬೇಕು. ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದ್ದು, ಚಾಲಕರ ಸೀಟಿನ ಬಲಬದಿ ಕುಸಿದಿದ್ದರೆ 62,000 ಎಂಬ ಲೆಕ್ಕವನ್ನು ನಂಬುವುದು ಕಷ್ಟ. ಸರ್ವಿಸ್ ಬಿಲ್ಲುಗಳಲ್ಲಿ ಪ್ರತಿ ಬಾರಿಯ ಕಿಲೋಮೀಟರ್ ನಮೂದಾಗಿರುತ್ತದೆ, ಕೇಳಿ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಅಚ್ಚೊಂದು ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರುಗಳು ಆಳವಾಗಿ ಕಂಡರೂ ಹಳೆಯ ರಬ್ಬರ್ ಗಡುಸಾಗಿ, ಮಳೆಯ ರಸ್ತೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ.

ನೀವು ಬರುವವರೆಗೂ ಎಂಜಿನ್ ಚಾಲೂ ಮಾಡಬಾರದೆಂದು ಮೊದಲೇ ಹೇಳಿಡಿ, ತಲುಪಿದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ, ತಣ್ಣಗಿರುವಾಗ ಮಾತ್ರ ತಿಳಿಯುವ ತೊಂದರೆಯೊಂದನ್ನು ನಿಮ್ಮಿಂದ ಮುಚ್ಚಿಟ್ಟಿರುವ ಸಾಧ್ಯತೆಯಿದೆ. ಆಗುಂಬೆ ಘಾಟಿಯನ್ನು ಇಳಿದು ಹತ್ತಬೇಕಾದ ಗಾಡಿಯಾದ್ದರಿಂದ ಕ್ಲಚ್ಚನ್ನೂ ಪರೀಕ್ಷಿಸಬೇಕು: ಏರಿನಲ್ಲಿ ಮೂರನೇ ಗೇರಿನಲ್ಲಿರುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ; ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಕುದಿದು ಪೆಡಲ್ ಮೆತ್ತಗಾಗುತ್ತದೆ. ಕೊಂಡ ಮೊದಲ ವಾರದಲ್ಲೇ ಅದನ್ನು ಬದಲಾಯಿಸಿ, ಅಲ್ಲಿಂದ ಎರಡು ವರ್ಷಕ್ಕೊಮ್ಮೆ ಮುಂದುವರಿಸಿ.

ಕಾಗದಪತ್ರಗಳಲ್ಲಿ, ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ಉಳಿದಿದ್ದರೆ ಅದನ್ನು ಫಾರಂ 35 ಮೂಲಕ ತೆಗೆಸಿದ ಮೇಲೆಯೇ ಪೂರ್ತಿ ಹಣ ಕೊಡಿ. ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಕಾರಿನ ಮೇಲೆಯೇ ಓದಿ ತಾಳೆ ನೋಡಿ. ವಿಮೆಯನ್ನು 14 ದಿನಗಳ ಒಳಗೆ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ವಿಮೆಯಲ್ಲಿ ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಮಾತ್ರ ಅವರದು, ಕಾರಿನ ಜೊತೆಗೆ ಬರುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಕಾರು ತೊಳೆದರೆ ದಂಡ ಬೀಳುತ್ತದೆಯೇ? ನಮ್ಮ ಕಾರು ಮರದ ಕೆಳಗೆ ನಿಲ್ಲುತ್ತದೆ, ದಿನವೂ ಒಣ ಬಟ್ಟೆಯಿಂದ ಒರೆಸುತ್ತೇವೆ.

ಉತ್ತರ: ಜಲಮಂಡಳಿಯು 2024ರ ಮಾರ್ಚಿನ ನೀರಿನ ಅಭಾವದಲ್ಲಿ ನಿಷೇಧಿಸಿದ್ದು ಕುಡಿಯುವ ನೀರನ್ನು ವಾಹನ ತೊಳೆಯಲು ಬಳಸುವುದನ್ನು, ಆಗ ದಂಡ 5,000 ರೂಪಾಯಿ. ತೊಳೆಯಲು ಎರಡು ಬಕೆಟ್ ಬಳಕೆಯ ನೀರು ಸಾಕು: ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ನೆರಳಿನಲ್ಲಿ, ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಒಣ ಬಟ್ಟೆಯ ಅಭ್ಯಾಸವನ್ನು ಇಂದೇ ಬಿಡಿ, ಏಕೆಂದರೆ ಧೂಳಿನ ಮರಳುಕಣಗಳು ಬಟ್ಟೆಗೆ ಸಿಕ್ಕು ಬಣ್ಣವನ್ನು ಉಜ್ಜುತ್ತವೆ. ಹಕ್ಕಿಯ ಹಿಕ್ಕೆಯ ಮೇಲೆ ಒದ್ದೆ ಬಟ್ಟೆಯನ್ನು ಐದು ನಿಮಿಷ ಹಾಸಿ, ನೆನೆದ ಮೇಲೆ ಎತ್ತಿ ತೆಗೆಯಿರಿ. ವೈಪರ್‌ಗಳ ಬುಡದ ಜಾಲರಿಯಲ್ಲಿ ಸೇರುವ ಎಲೆಗಳನ್ನು ವಾರಕ್ಕೊಮ್ಮೆ ಹೆಕ್ಕಿರಿ. ಅಲ್ಲಿನ ನೀರು ಹೋಗುವ ದಾರಿ ಕಟ್ಟಿದರೆ ಮಳೆನೀರು ಕಾರಿನ ಒಳಗೇ ಇಳಿಯುತ್ತದೆ.

ಪ್ರಶ್ನೆ: ಹುಬ್ಬಳ್ಳಿಯ ನಾನು ವರ್ಷದ ಹಿಂದೆ ಪರಿಚಿತರೊಬ್ಬರಿಗೆ ಕಾರು ಮಾರಿ, ಫಾರಂಗಳಿಗೆ ಸಹಿ ಹಾಕಿ ಕೊಟ್ಟೆ. ಈಗಲೂ ಸಂಚಾರ ದಂಡದ ಸಂದೇಶಗಳು ನನ್ನ ಮೊಬೈಲಿಗೆ ಬರುತ್ತಿವೆ. ಕಡೆಗಣಿಸಬಹುದೇ?

ಉತ್ತರ: ಖಂಡಿತ ಕೂಡದು. ನಾನೂ ಒಮ್ಮೆ ಹೀಗೆಯೇ ಸಹಿ ಹಾಕಿಕೊಟ್ಟು, ಎಂಟು ತಿಂಗಳ ನಂತರ ನಾನು ಹೋಗದ ಊರಿನಲ್ಲಿ ಕೆಂಪು ದೀಪ ದಾಟಿದ್ದಕ್ಕೆ ನೋಟಿಸ್ ಪಡೆದಿದ್ದೇನೆ. ಅದರ ಚಿತ್ರದಲ್ಲಿ, ಹಿಂಬದಿಯ ಗಾಜಿಗೆ ನನ್ನ ಮಗಳು ಅಂಟಿಸಿದ್ದ ಚಿಟ್ಟೆ ಹಾಗೆಯೇ ಇತ್ತು. ದಂಡ ಸಣ್ಣ ಮಾತು. ಅಪಘಾತವಾದರೆ ಏನು ಗತಿ ಎಂಬ ಭಯದಲ್ಲಿ ಅಂದು ನಿದ್ದೆ ಬರಲಿಲ್ಲ. ಆ ಭಯಕ್ಕೆ ಕಾರಣವೂ ಇದೆ: ಕೈಯಿಂದ ಕೈಗೆ ದಾಟಿದ್ದ ಕಾರೊಂದರ ಅಪಘಾತದ ಪ್ರಕರಣದಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿದೆ.

ಫಾರಂ 29 ಎಂಬುದು ಕೊಳ್ಳುವವರ ಕೈಗಿತ್ತು ಮರೆಯುವ ಕಾಗದವಲ್ಲ, ಮಾರಿದವರು ಆರ್‌ಟಿಓಗೆ ತಾವೇ ತಿಳಿಸುವ ಸೂಚನೆ. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ ರಾಜ್ಯದೊಳಗಿನ ಮಾರಾಟವನ್ನು 14 ದಿನಗಳಲ್ಲಿ ತಿಳಿಸಬೇಕಿತ್ತು. ತಡವಾದರೂ ಈಗ ಮಾಡಿ. ಪರಿವಾಹನ್ ಜಾಲತಾಣದಲ್ಲಿ ಕಾರು ಯಾರ ಹೆಸರಿನಲ್ಲಿದೆಯೆಂದು ನೋಡಿ, ನಿಮ್ಮದೇ ಇದ್ದರೆ ಮಾರಾಟದ ಕರಾರು, ಹಣ ಸಂದಾಯದ ದಾಖಲೆ ಮತ್ತು ಕೊಂಡವರ ಗುರುತಿನ ಚೀಟಿಯ ಪ್ರತಿಗಳೊಂದಿಗೆ ಆರ್‌ಟಿಓಗೂ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಕೊಂಡವರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರೆದು, ಅವರು ಮಣಿಯದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಆದರೆ ಪತ್ರಕ್ಕಿಂತ ಮೊದಲು ಅವರ ಮನೆಗೆ ಹೋಗಿ, ಅವರನ್ನು ಜೊತೆಯಲ್ಲೇ ಆರ್‌ಟಿಓ ಕಚೇರಿಗೆ ಕರೆದುಕೊಂಡು ಹೋಗಲು ಒಮ್ಮೆ ಯತ್ನಿಸಿ. ನನ್ನ ಕಾರಿನ ಹೆಸರು ಬದಲಾದದ್ದು ಹಾಗೆಯೇ.